ನಂಬರ್ ಪೂರ್ತಿ ಹೇಳಿ

ಕಳೆದ ಸಂಚಿಕೆಯಲ್ಲಿ, ಸೈನ್ಯದ ಉಪಕರಣಗಳಲ್ಲಿ ವೈರುಗಳನ್ನು ಜೋಡಿಸುವ ಮಿಲಿಟರಿ ಕನೆಕ್ಟರ್‌ಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪ್ರಶ್ನೆ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. ವೈರಿಂಗ್ ಹಾರ್ನೆಸ್ (ಕನೆಕ್ಟರ್ ಸಮೇತ ಕಟ್ಟಿದ ವೈರುಗಳ ಕಂತೆ) ಕಟ್ಟುವ ಕಡೆ 31 ವರ್ಷ ಇನ್‌ಸ್ಪೆಕ್ಷನ್ ಬೆಂಚಿನಲ್ಲಿ ಕೂತವಳು. ಒಂದು ಭೂತಗನ್ನಡಿ, ಒಂದಿಷ್ಟು ಗೇಜು, ಪಾಸಾದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ. ನನ್ನ ವಿದ್ಯೆ ಅಷ್ಟೇ. ಕೆಂಪು ಚೀಟಿ ಜಾಸ್ತಿ ಅಂಟಿಸುತ್ತಿದ್ದೆ ಅಂತ ಜೊತೆಯವರು ಹೇಳುತ್ತಿದ್ದರು. ಇರಬಹುದು.

ಪ್ರಶ್ನೆ: ಮೇಡಂ, ಹೊಸ ಫೋನ್ ತಗೊಂಡೆ. ಡಬ್ಬಿಯ ಮೇಲೆ ‘ಮಿಲಿಟರಿ ಗ್ರೇಡ್, ಮಿಲ್-ಎಸ್‌ಟಿಡಿ-810 ಎಚ್’ ಅಂತ ಇದೆ. ಅಂದರೆ ಇದನ್ನು ಸೈನ್ಯದವರು ಪರೀಕ್ಷೆ ಮಾಡಿ ಒಪ್ಪಿದ್ದಾರೆ ಎಂದೇ? – ಒಬ್ಬ ಕಾಲೇಜು ವಿದ್ಯಾರ್ಥಿ

ಇಲ್ಲ. ಯಾವ ಸೈನ್ಯದವರೂ ನಿಮ್ಮ ಫೋನನ್ನು ಮುಟ್ಟಿ ನೋಡಿಲ್ಲ.

ಮಿಲ್-ಎಸ್‌ಟಿಡಿ ಅಂದರೆ ಮಿಲಿಟರಿ ಸ್ಟ್ಯಾಂಡರ್ಡ್. 810 ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ದಾಖಲೆ. ಮೊದಲು ಬಂದದ್ದು 1962ರಲ್ಲಿ. ನಿಮ್ಮ ಡಬ್ಬಿಯ ಮೇಲಿರುವ ‘ಎಚ್’ ಆವೃತ್ತಿ 2019ರದು. ಅದರಲ್ಲಿರುವುದು ಪರೀಕ್ಷೆಯ ವಿಧಾನಗಳು. ಬಿಸಿಲು, ಚಳಿ, ಮಳೆ, ಮರಳು, ಉಪ್ಪಿನ ಮಂಜು, ನಡುಕ, ಹೊಡೆತ, ಎತ್ತರದ ತೆಳು ಗಾಳಿ, ಹೀಗೆ. ಆದರೆ ಎಲ್ಲವನ್ನೂ ಎಲ್ಲ ವಸ್ತುವಿಗೂ ಮಾಡಿ ಎಂದು ಅದು ಹೇಳುವುದಿಲ್ಲ. ನಿಮ್ಮ ವಸ್ತು ಎಲ್ಲಿ ಬದುಕಬೇಕೋ ನೋಡಿಕೊಂಡು, ಅದಕ್ಕೆ ತಕ್ಕ ಪರೀಕ್ಷೆ ಆರಿಸಿಕೊಳ್ಳಿ ಎನ್ನುತ್ತದೆ. ದರ್ಜಿ ಅಳತೆ ತೆಗೆದು ಬಟ್ಟೆ ಹೊಲಿದ ಹಾಗೆ. ಇದನ್ನು ಬರೆದವರ ಉದ್ದೇಶ ಒಳ್ಳೆಯದೇ. ಮರುಭೂಮಿಯಲ್ಲಿ ನಿಲ್ಲುವ ರೇಡಿಯೊಗೆ ಮಂಜುಗಡ್ಡೆಯ ಪರೀಕ್ಷೆ ಯಾಕೆ, ಅಲ್ವಾ?

ಫೋನ್ ಮಾರುವವರಿಗೆ ಇದೇ ಅನುಕೂಲವಾಯಿತು. ಎರಡು ಮೂರು ಪರೀಕ್ಷೆ ಆರಿಸಿಕೊಂಡು, ತಮ್ಮದೇ ಲ್ಯಾಬಿನಲ್ಲಿ ಮಾಡಿ, ಡಬ್ಬಿಯ ಮೇಲೆ 810 ಎಂದು ಅಚ್ಚು ಹಾಕಬಹುದು. ಪಾಸ್ ಆಯಿತು ಎಂದು ಮುದ್ರೆ ಒತ್ತುವ ಸರ್ಕಾರಿ ಕಚೇರಿ ಇದಕ್ಕೆ ಇಲ್ಲವೇ ಇಲ್ಲ.

ಬೀಳಿಸುವ ಪರೀಕ್ಷೆಯನ್ನೇ ತಗೊಳ್ಳಿ. ಕೈಯಲ್ಲಿ ಹಿಡಿದು ಓಡಾಡುವ ವಸ್ತುವನ್ನು 48 ಇಂಚು, ಅಂದರೆ ಸುಮಾರು 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸಬೇಕು. ಈ 26 ಎಲ್ಲಿಂದ ಬಂತು ಗೊತ್ತೇ? ಒಂದು ಪೆಟ್ಟಿಗೆಗೆ 6 ಮುಖ, 12 ಅಂಚು, 8 ಮೂಲೆ. ಕೂಡಿಸಿ ನೋಡಿ. ಪ್ರತಿಯೊಂದರ ಮೇಲೂ ಒಂದೊಂದು ಸಲ ಬೀಳಬೇಕು. ನನಗೆ ಈ ಲೆಕ್ಕ ತುಂಬಾ ಇಷ್ಟ. ಹಿಂದಿನ ‘ಜಿ’ ಆವೃತ್ತಿಯಲ್ಲಿ ಬೀಳುವ ಜಾಗ ಕಾಂಕ್ರೀಟಿನ ಮೇಲೆ ಹಾಸಿದ 2 ಇಂಚಿನ ಪ್ಲೈವುಡ್. ಬರೀ ಕಲ್ಲು ನೆಲವಲ್ಲ, ಗಮನಿಸಿ. ಆ ಆವೃತ್ತಿಯಲ್ಲಂತೂ ಈ 26 ಬೀಳುವಿಕೆಯನ್ನು ಐದು ಪೀಸುಗಳವರೆಗೆ ಹಂಚಬಹುದು ಎಂದೇ ಇದೆ. ಹಾಗಾಗಿ ಒಂದೇ ಫೋನು 26 ಸಲ ಬಿದ್ದೂ ಬದುಕಿತು ಎಂದು ಅಂದುಕೊಳ್ಳಬೇಡಿ.

‘ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ’ ಎನ್ನುವಷ್ಟು ಕೆಟ್ಟದ್ದೇನೂ ಅಲ್ಲ ನಿಮ್ಮ ಫೋನು. ಕೆಲವು ಕಂಪನಿಗಳು ನಿಜವಾಗಿಯೂ ಕಷ್ಟಪಟ್ಟು ಪರೀಕ್ಷೆ ಮಾಡುತ್ತವೆ. ಆದರೆ ಯಾವ ವಿಧಾನ, ಯಾವ ಕ್ರಮ, ಎಷ್ಟು ಪೀಸು ಎಂದು ಬರೆದಿದ್ದರೆ ಮಾತ್ರ ಆ ಮಾತಿಗೆ ಬೆಲೆ. ಬರೀ ‘810’ ಅಂದರೆ ಪುಸ್ತಕದ ಹೆಸರು ಹೇಳಿದ ಹಾಗೆ. ಯಾವ ಪುಟ ಅಂತ ಕೇಳಿ.

ಪ್ರಶ್ನೆ: ಅಕ್ಕಾ, ಹಾರ್ನೆಸ್ ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು. ಡ್ರಾಯಿಂಗಿನಲ್ಲಿ ಡಿ38999/26ಡಬ್ಲ್ಯುಬಿ35ಪಿಎನ್ ಎಂದು ಬರೆದಿರುತ್ತಾರೆ. ಸೀನಿಯರ್‌ಗಳು ‘ಸುಮ್ನೆ ನೋಡಿ ಹಾಕು’ ಅಂತಾರೆ. ಇದನ್ನು ಓದೋದು ಹೇಗೆ? – ಟ್ರೈನಿ

ಸುಮ್ನೆ ನೋಡಿ ಹಾಕಬೇಡ ತಮ್ಮಾ. ಈ ನಂಬರಿನಲ್ಲಿ ಒಂದು ಅಕ್ಷರವೂ ದಂಡಕ್ಕೆ ಇಲ್ಲ.

38999 ಎಂಬುದು ಕುಟುಂಬದ ಹೆಸರು. ದುಂಡನೆಯ, ಒತ್ತೊತ್ತಾಗಿ ಪಿನ್ ತುಂಬಿದ ಕನೆಕ್ಟರ್‌ಗಳು. ಇದರಲ್ಲಿ ನಾಲ್ಕು ಸೀರೀಸ್. ಒಂದು ಮತ್ತು ಎರಡನೆಯದಕ್ಕೆ ಬಯೊನೆಟ್ ಬೀಗ, ಅಂದರೆ ತಳ್ಳಿ ಸ್ವಲ್ಪ ತಿರುಗಿಸುವುದು. ಮೂರನೆಯದಕ್ಕೆ ಥ್ರೆಡ್. ನಾಲ್ಕನೆಯದು ಬ್ರೀಚ್-ಲಾಕ್. ನಿನ್ನ ಕೈಗೆ ಬಂದಿರುವುದು ಸೀರೀಸ್ ಮೂರು. ಅದರ ಥ್ರೆಡ್ಡಿಗೆ ಮೂರು ಆರಂಭ ಇರುವುದರಿಂದ ಒಂದೇ ಒಂದು ಪೂರ್ತಿ ಸುತ್ತಿಗೆ ಕೂತುಬಿಡುತ್ತದೆ. ನಡುಕಕ್ಕೆ ಸಡಿಲವಾಗದ ಹಾಗೆ ಒಳಗೆ ಕಟಕಟ ಹಲ್ಲು ಇರುತ್ತದೆ.

ಓರೆಗೀಟಿನ ಆಚೆಯ 26 ಅಂದರೆ ನೇರ ಪ್ಲಗ್. 20 ಇದ್ದರೆ ಪೆಟ್ಟಿಗೆಯ ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ ರೆಸೆಪ್ಟಕಲ್, ಅಂದರೆ ಪ್ಲಗ್ ಬಂದು ಕೂರುವ ಜೋಡಿ. 24 ಇದ್ದರೆ ನಟ್ ಬಿಗಿದು ಕೂರಿಸುವುದು.

ಆಮೇಲೆ ಬರುವ ‘ಡಬ್ಲ್ಯು’ ಮೈಬಣ್ಣ. ಅಲ್ಯೂಮಿನಿಯಮ್ ಶೆಲ್ (ಹೊರಕವಚ) ಮೇಲೆ ನಿಕಲ್, ಅದರ ಮೇಲೆ ಆಲಿವ್ ಹಸಿರಿನ ಕ್ಯಾಡ್ಮಿಯಮ್. ಇದರ ಬಗ್ಗೆ ಮುಂದೆ ಇನ್ನೊಬ್ಬರು ಕೇಳಿದ್ದಾರೆ.

‘ಬಿ’ ಶೆಲ್ಲಿನ ಅಳತೆ. ಹಳೆಯ ಲೆಕ್ಕದಲ್ಲಿ ಅದು 11. ‘ಎ’ ಅಂದರೆ 9, ‘ಸಿ’ ಅಂದರೆ 13, ಹೀಗೆ ಎರಡೆರಡು ಏರುತ್ತಾ ‘ಜೆ’ಗೆ 25. ಎಚ್ ಆದಮೇಲೆ ಐ ಬಿಟ್ಟು ಜೆಗೆ ಹಾರಿದ್ದಾರೆ ನೋಡು. ಒಂದನೆಯ ಅಂಕಿ ಮತ್ತು ‘ಐ’ ಅಕ್ಷರ ಇಂಗ್ಲಿಷಿನಲ್ಲಿ ಒಂದೇ ಥರ ಕಾಣುತ್ತವೆ, ಅದಕ್ಕೆ. ಹಳೆಯ 5015 ಕನೆಕ್ಟರ್‌ಗಳ ಮುಖದ ಮೇಲೂ ಪಿನ್ನುಗಳಿಗೆ ಹೆಸರಿಡುವಾಗ ಐ, ಓ, ಕ್ಯೂ ಮೂರನ್ನೂ ಬಿಟ್ಟಿರುತ್ತಾರೆ. ಗಲಾಟೆಯ ಶಾಪ್‌ನಲ್ಲಿ, ಮಂದ ಬೆಳಕಿನಲ್ಲಿ ಓದುವವನ ಕಷ್ಟ ಗೊತ್ತಿದ್ದವರು ಯಾರೋ ಮಾಡಿದ್ದು.

ಈಗ ‘35’. ಇಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. 35 ಪಿನ್ ಅಲ್ಲ. ಇದು ಒಳಗಿನ ತೂತುಗಳ ಜೋಡಣೆಯ ಹೆಸರು. ಬಿ35ರಲ್ಲಿ ಇರುವುದು 13 ಪಿನ್. ಎ35ರಲ್ಲಿ 6. ಜೆ35ರಲ್ಲಿ 128. ಎಲ್ಲವೂ 22ಡಿ ಅಳತೆಯ ಸಣ್ಣ ಪಿನ್ನುಗಳು, ಒಂದೊಂದೂ 5 ಆಂಪಿಯರ್ ತಡೆಯುವಂಥವು. ಜೋಡಣೆಗಳ ಚಿತ್ರಗಳಿಗೇ ಬೇರೆ ದಾಖಲೆ ಇದೆ, ಮಿಲ್-ಎಸ್‌ಟಿಡಿ-1560. ಅದರ ಪ್ರಿಂಟ್ ತೆಗೆದು ಬೆಂಚಿನ ಮುಂದೆ ಅಂಟಿಸಿಕೋ.

‘ಪಿ’ ಅಂದರೆ ಒಳಗೆ ಪಿನ್. ‘ಎಸ್’ ಇದ್ದರೆ ಸಾಕೆಟ್. ಕರೆಂಟ್ ಬರುವ ಕಡೆಗೆ ಸಾಕೆಟ್ ಹಾಕುವುದು ರೂಢಿ. ಬಿಚ್ಚಿಟ್ಟಾಗ ಬೆತ್ತಲೆ ಪಿನ್ನಿನಲ್ಲಿ ಕರೆಂಟ್ ಇರಬಾರದು ಎಂಬುದಕ್ಕೆ.

ಕೊನೆಯ ‘ಎನ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಶೆಲ್ಲಿನೊಳಗೆ ಐದು ಕೀಲಿಗೆರೆ ಇರುತ್ತವೆ, ಒಂದು ದೊಡ್ಡದು, ನಾಲ್ಕು ಚಿಕ್ಕವು. ಅವುಗಳ ನಡುವಿನ ಕೋನ ಬದಲಿಸಿದರೆ ಅದೇ ಅಳತೆಯ ಬೇರೆ ಪ್ಲಗ್ ಒಳಗೆ ಹೋಗುವುದೇ ಇಲ್ಲ. ಎನ್ ಎಂದರೆ ಸಾಮಾನ್ಯ ಕೋನ. ಎ, ಬಿ, ಸಿ, ಡಿ, ಇ ಎಂದರೆ ಬೇರೆ ಬೇರೆ ಕೋನ. ಒಂದು ಪೆಟ್ಟಿಗೆಯ ಮೇಲೆ ಒಂದೇ ಅಳತೆಯ ಎರಡು ಕನೆಕ್ಟರ್ ಅಕ್ಕಪಕ್ಕ ಇದ್ದರೆ ಒಂದಕ್ಕೆ ಎನ್, ಇನ್ನೊಂದಕ್ಕೆ ಎ ಹಾಕುತ್ತಾರೆ.

ನನ್ನ ಕಣ್ಣೆದುರಿಗೇ ನಡೆದದ್ದು. ಡ್ರಾಯಿಂಗಿನಲ್ಲಿ ಒಂದು ಪಿಎನ್, ಒಂದು ಪಿಎ ಇತ್ತು. ಪರ್ಚೇಸ್‌ನವರು ಎರಡನ್ನೂ ಪಿಎನ್ ಎಂದು ತರಿಸಿದರು. ಹೊಂದುವ ರೆಸೆಪ್ಟಕಲ್‌ಗಳನ್ನೂ ಎಸ್‌ಎನ್ ಎಂದೇ ತರಿಸಿದ್ದರಿಂದ ಎಲ್ಲ ಚೆನ್ನಾಗಿ ಕೂತವು. ನಾನೂ ಅವತ್ತು ಲೇಪನ ನೋಡಿದೆ, ಪಿನ್ ನೋಡಿದೆ, ಕೊನೆಯ ಅಕ್ಷರ ನೋಡಲಿಲ್ಲ. ಹಸಿರು ಚೀಟಿ ಅಂಟಿಸಿದೆ. ಟೆಸ್ಟ್ ಬೆಂಚಿನ ಹುಡುಗ ಪವರ್ ಪ್ಲಗ್ಗನ್ನು ಸಿಗ್ನಲ್ ಜಾಗಕ್ಕೆ ಹಾಕಿದ. ಅವನದೇನೂ ತಪ್ಪಿಲ್ಲ, ಅದು ಹೋಗಬಾರದಿತ್ತು, ಹೋಯಿತು. ಹೊಗೆ ಬಂತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರಲ್ಲ, ಒಂದು ಅಕ್ಷರಕ್ಕೆ ಹೋಗಿತ್ತು ನಮ್ಮದು. ಅಂದಿನಿಂದ ನಾನು ನಂಬರನ್ನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಕೊನೆಯ ಅಕ್ಷರ ಮೊದಲು. ನೀನೂ ಹಾಗೇ ಮಾಡು.

ಪ್ರಶ್ನೆ: ಎಸ್‌ಟಿಡಿ, ಡಿಟಿಎಲ್, ಪಿಆರ್‌ಎಫ್ ಎಂದೆಲ್ಲ ಇರುತ್ತದೆ. ಹಳೆಯ ಡ್ರಾಯಿಂಗಿನಲ್ಲಿ ಮಿಲ್-ಸಿ-38999 ಎಂದಿದೆ, ಹೊಸದರಲ್ಲಿ ಮಿಲ್-ಡಿಟಿಎಲ್-38999. ಎರಡೂ ಬೇರೆಯೇ? – ಡಿಪ್ಲೊಮಾ ವಿದ್ಯಾರ್ಥಿನಿ

ಬೇರೆ ಅಲ್ಲ. ಅಂಕಿ ಅದೇ, ಮುಂದಿನ ಅಕ್ಷರ ಮಾತ್ರ ಬದಲು. ಹಿಂದೆ ವಸ್ತುವಿನ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರ ಹಾಕುತ್ತಿದ್ದರು. ಕನೆಕ್ಟರ್‌ಗೆ ಸಿ, ವೈರ್‌ಗೆ ಡಬ್ಲ್ಯು.

ಬದಲಾದ ಕಥೆ ಹೀಗೆ. 1994ರ ಜೂನ್ 29ರಂದು ಅಮೆರಿಕದ ಆಗಿನ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ಒಂದು ಆದೇಶ ಹೊರಡಿಸಿದರು. ಸೈನ್ಯಕ್ಕೆ ಅಂತಲೇ ಸಾವಿರಾರು ಸ್ಪೆಸಿಫಿಕೇಶನ್ ಇಟ್ಟುಕೊಂಡು ಕೂತರೆ ಖರ್ಚೂ ಜಾಸ್ತಿ, ಹೊಸ ತಂತ್ರಜ್ಞಾನವೂ ಹತ್ತಿರ ಬರುವುದಿಲ್ಲ. ಆದ್ದರಿಂದ ‘ಹೇಗೆ ಮಾಡಬೇಕು’ ಎನ್ನುವುದನ್ನು ಬಿಟ್ಟು ‘ಏನು ಮಾಡಿ ತೋರಿಸಬೇಕು’ ಎಂದು ಬರೆಯಿರಿ, ಮಾರುಕಟ್ಟೆಯ ಮಾನದಂಡ ಸಾಕಾಗುವ ಕಡೆ ಅದನ್ನೇ ಬಳಸಿ ಎಂಬುದು ಅದರ ಸಾರ. ಆಗ ಹಳೆಯ ಸ್ಪೆಸಿಫಿಕೇಶನ್‌ಗಳು ದಿಕ್ಕಿಗೊಂದಾದವು. ಕೆಲಸವನ್ನು (ಪರ್ಫಾರ್ಮೆನ್ಸ್) ಮಾತ್ರ ಹೇಳುವವು ಪಿಆರ್‌ಎಫ್ ಆದವು. ಬಿಎನ್‌ಸಿ, ಎನ್, ಎಸ್‌ಎಂಎ ಮುಂತಾದ ರೇಡಿಯೊ ಕನೆಕ್ಟರ್‌ಗಳ 39012 ಈಗ ಮಿಲ್-ಪಿಆರ್‌ಎಫ್. ಅಳತೆ, ವಸ್ತು ಎಲ್ಲವನ್ನೂ ವಿವರವಾಗಿ (ಡೀಟೇಲ್) ಹೇಳುವವು ಡಿಟಿಎಲ್ ಆದವು. ಕೆಲವನ್ನು ಎಸ್‌ಎಇ ಎಂಬ ಖಾಸಗಿ ಮಾನದಂಡ ಸಂಸ್ಥೆಗೆ ಒಪ್ಪಿಸಿದರು. ಒಳಗಿನ ಪಿನ್-ಸಾಕೆಟ್ಟುಗಳ ಮಿಲ್-ಸಿ-39029 ಈಗ ಎಎಸ್39029. ಪಿನ್ನಿನ ನಂಬರಿನಲ್ಲಿ ಮಾತ್ರ ಹಳೆಯ ‘ಎಂ’ ಹಾಗೇ ಉಳಿದಿದೆ. ಕನೆಕ್ಟರ್ ಪರೀಕ್ಷೆಗಳ ಮಿಲ್-ಎಸ್‌ಟಿಡಿ-1344 ರದ್ದಾಗಿ ಆ ಜಾಗಕ್ಕೆ ಇಐಎ-364 ಬಂತು.

38999 ಯಾಕೆ ಪಿಆರ್‌ಎಫ್ ಆಗಲಿಲ್ಲ? ನನ್ನ ಬುದ್ಧಿಗೆ ತೋಚುವುದು ಇಷ್ಟು. ಒಬ್ಬರ ಪ್ಲಗ್ಗು ಇನ್ನೊಬ್ಬರ ರೆಸೆಪ್ಟಕಲ್ಲಿಗೆ ಕೂರಬೇಕು. ‘ನಿಮಗೆ ತೋಚಿದ ಹಾಗೆ ಮಾಡಿ, ಕೆಲಸ ಆದರೆ ಸಾಕು’ ಎಂದರೆ ಎರಡು ಕಾರ್ಖಾನೆಯ ಮಾಲು ಒಂದಕ್ಕೊಂದು ಹೊಂದುವುದು ಹೇಗೆ? ಅಳತೆ ಬರೆಯಲೇಬೇಕು.

ಎಸ್‌ಟಿಡಿ ಎನ್ನುವುದು ಬೇರೆ ಜಾತಿ. ಅದು ವಸ್ತುವನ್ನು ಕೊಳ್ಳಲು ಬರೆದದ್ದಲ್ಲ. ಪರೀಕ್ಷೆಯ ವಿಧಾನವೋ, ಎರಡು ಯಂತ್ರಗಳ ನಡುವಿನ ಒಪ್ಪಂದವೋ ಆಗಿರುತ್ತದೆ. ವಿಮಾನದೊಳಗೆ ಬರುವ ಕರೆಂಟು ಹೇಗಿರಬೇಕು ಎನ್ನುವುದಕ್ಕೆ 704. 28 ವೋಲ್ಟ್ ಡಿಸಿ, 115 ವೋಲ್ಟ್ 400 ಹರ್ಟ್ಸ್ ಎಸಿ ಎಲ್ಲ ಅದರಲ್ಲೇ ಇದೆ. ಒಂದು ಯಂತ್ರ ಇನ್ನೊಂದಕ್ಕೆ ರೇಡಿಯೊ ಗದ್ದಲ ಮಾಡಬಾರದು ಎನ್ನುವುದಕ್ಕೆ 461. ಸೆಕೆಂಡಿಗೆ 10 ಲಕ್ಷ ಬಿಟ್ ಓಡಿಸುವ ಡೇಟಾ ಬಸ್‌ಗೆ 1553. ಅದು 1973ರದು, ಇಂದಿಗೂ ಹಾರಾಡುತ್ತಿದೆ.

ಇನ್ನೊಂದು ಮಾತು. ಮಿಲ್ ದಾಖಲೆಗಳಲ್ಲಿ ಬಹುಪಾಲನ್ನು ಅಮೆರಿಕದವರು ‘ಅಸಿಸ್ಟ್’ ಎಂಬ ಸಂಗ್ರಹದಲ್ಲಿ ಯಾರು ಬೇಕಾದರೂ ಓದಲಿ ಎಂದು ಬಿಟ್ಟಿದ್ದಾರೆ. ಒಂದು ಪೈಸೆ ಕೊಡಬೇಕಿಲ್ಲ. ಎಸ್‌ಎಇಗೆ ಹೋದವನ್ನು ಮಾತ್ರ ದುಡ್ಡು ಕೊಟ್ಟೇ ಓದಬೇಕು. ಪೆರಿಯವರ ಆದೇಶದ ಮೇಲೆ ನನಗಿರುವ ಒಂದೇ ಮುನಿಸು ಇದು.

ಪ್ರಶ್ನೆ: ನಾನು ಹವ್ಯಾಸಿ ರೇಡಿಯೊದವನು. ಹಳೆಯ 38999 ಪ್ಲಗ್ ಒಂದು ಸಿಕ್ಕಿದೆ. ಪಿನ್ನನ್ನು ವೈರಿನ ಮೇಲೆ ಅದುಮಿ ಕಚ್ಚಿಸುವ ಕ್ರಿಂಪ್ ಟೂಲ್ ಇಲ್ಲ. ಪಿನ್ನಿಗೆ ವೈರನ್ನು ಬೆಸೆದುಬಿಟ್ಟರೆ ಇನ್ನೂ ಗಟ್ಟಿ ಅಲ್ಲವೇ? ಪಿನ್ನಿನ ಮೇಲಿನ ಬಣ್ಣದ ಪಟ್ಟೆಗಳು ಏನು? – ಒಬ್ಬ ಓದುಗರು

ಪಟ್ಟೆಗಳಿಂದ ಶುರು ಮಾಡೋಣ, ಅದು ಖುಷಿಯ ವಿಷಯ. ರೇಡಿಯೊದವರು ಅಂದಮೇಲೆ ರೆಸಿಸ್ಟರ್‌ನ ಬಣ್ಣದ ಲೆಕ್ಕ ನಿಮಗೆ ಬಾಯಿಪಾಠ ಇರುತ್ತದೆ. ಇದೂ ಅದೇ. ಕಿತ್ತಳೆ, ನೀಲಿ, ಕಪ್ಪು ಇದ್ದರೆ 3, 6, 0. ಅಂದರೆ ಎಂ39029/58-360, 22ಡಿ ಪಿನ್. ಕಿತ್ತಳೆ, ಹಳದಿ, ಬೂದು ಇದ್ದರೆ 348, ಅದರ ಜೋಡಿ ಸಾಕೆಟ್. ಅಕ್ಕಿಕಾಳಿಗಿಂತ ಸಣ್ಣಗಿರುವ ಲೋಹದ ಮೇಲೆ ನಂಬರ್ ಕೆತ್ತಲು ಆಗುವುದಿಲ್ಲ, ಬಣ್ಣ ಬಳಿಯಬಹುದು. ಎಷ್ಟೋ ಸಲ ಬೇರೆ ಬೇರೆ ಡಬ್ಬಿಯ ಪಿನ್ನುಗಳು ಕಲೆತುಹೋದಾಗ ಈ ಮೂರು ಗೆರೆ ನನ್ನನ್ನು ಕಾಪಾಡಿವೆ. ಭೂತಗನ್ನಡಿ ಹಿಡಿದು ಅಕ್ಕಿ ಆರಿಸಿದ ಹಾಗೆ ಆರಿಸುತ್ತಾ ಕೂರುತ್ತಿದ್ದೆ.

ಈಗ ಬೆಸುಗೆ. ಬೇಡ ಸ್ವಾಮಿ.

ಬೆಸುಗೆ ಕರಗಿದಾಗ ಅದು ಪಿನ್ನಿನೊಳಗೆ ನಿಲ್ಲುವುದಿಲ್ಲ. ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ವೈರಿನ ಎಳೆಗಳ ನಡುವೆ ಮೇಲಕ್ಕೆ ಏರುತ್ತದೆ. ಅಲ್ಲಿಯವರೆಗೆ ವೈರು ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತದೆ, ಅದರಾಚೆ ಬಳುಕುತ್ತದೆ. ಸೆಟೆದದ್ದು ಮುಗಿದು ಬಳುಕುವುದು ಶುರುವಾಗುವ ಜಾಗದಲ್ಲಿ, ನಡುಕಕ್ಕೆ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನಿಂದ ಏನೂ ಕಾಣದು, ಇನ್ಸುಲೇಶನ್ ಮುಚ್ಚಿರುತ್ತದೆ. ನೀವು ಟೇಬಲ್ಲಿನ ಮೇಲೆ ಇಟ್ಟುಕೊಳ್ಳುವ ರೇಡಿಯೊಗೆ ಅಷ್ಟು ನಡುಕ ಇಲ್ಲ, ನಿಜ. ಆದರೆ ಬೆಸುಗೆ ಪಿನ್ನಿನ ಹೊರಮೈಗೆ ಹರಿದು ಒಂದು ಗುಬುಟು ಉಳಿದರೂ ಅದು ತೂತಿನೊಳಗೆ ಹೋಗದು. ಬಲವಂತವಾಗಿ ತಳ್ಳಿದರೆ ಒಳಗೆ ಪಿನ್ನನ್ನು ಹಿಡಿಯುವ ಕ್ಲಿಪ್ಪು ಮುರಿಯುತ್ತದೆ. ಆಮೇಲೆ ಆ ತೂತು ಸತ್ತಂತೆಯೇ.

ಬೆಸುಗೆ ಎಲ್ಲೆಲ್ಲೂ ತಪ್ಪು ಎಂದಲ್ಲ. ಹಳೆಯ 5015ರಲ್ಲಿ ಬೆಸೆಯಲೆಂದೇ ಪುಟ್ಟ ಬಟ್ಟಲಿನ ಹಾಗೆ ಕೊರೆದ ಪಿನ್ನುಗಳಿವೆ. ಗಾಜಿನಿಂದ ಸೀಲ್ ಮಾಡಿದ, ಗಾಳಿಯಾಡದ ಕನೆಕ್ಟರ್‌ಗಳಲ್ಲಿ ಪಿನ್ ಹೊರಗೆ ಬರುವುದೇ ಇಲ್ಲ, ಅಲ್ಲೂ ಬೆಸುಗೆ ಸರಿ. ಕ್ರಿಂಪ್‌ಗೆಂದು ಮಾಡಿದ ಪಿನ್ನಿಗೆ ಬೆಸುಗೆ ಹಾಕಬಾರದು, ಅಷ್ಟೇ.

ಸರಿಯಾದ ಟೂಲ್ ಎಂ22520/2-01. ಅದು ಸುತ್ತಲೂ ಎಂಟು ಕಡೆ ಚುಚ್ಚುತ್ತದೆ. ವೈರಿನ ಗೇಜಿಗೆ ತಕ್ಕ ಅಂಕಿಯನ್ನು ತಿರುಗಿಸಿ ಇಡಬೇಕು. ಪಿನ್ನನ್ನು ಸರಿಯಾದ ಜಾಗದಲ್ಲಿ ಹಿಡಿಯುವ, ಅದಕ್ಕೆ ತಕ್ಕ ಪೊಸಿಷನರ್ ಹಾಕಬೇಕು. ಒಮ್ಮೆ ಒತ್ತಲು ಶುರು ಮಾಡಿದರೆ ಪೂರ್ತಿ ಒತ್ತುವವರೆಗೆ ಅದು ಕೈ ಬಿಡುವುದಿಲ್ಲ. ಅರ್ಧಂಬರ್ಧ ಕೆಲಸಕ್ಕೆ ಅವಕಾಶವೇ ಇಲ್ಲದ ಯಂತ್ರ. ಮನುಷ್ಯರಿಗೂ ಇಂಥದ್ದೊಂದು ರ‍್ಯಾಚೆಟ್ ಇರಬೇಕಿತ್ತು ಎಂದು ನಮ್ಮ ಹಳೆಯ ಸೂಪರ್‌ವೈಸರ್ ಹೇಳುತ್ತಿದ್ದರು. ಅವರ ರಜೆ ಅರ್ಜಿಗಳು ಮಾತ್ರ ಯಾವಾಗಲೂ ಅರ್ಧ ತುಂಬಿರುತ್ತಿದ್ದವು.

ಒತ್ತಿದ ಮೇಲೆ ಪಿನ್ನಿನ ಬದಿಯಲ್ಲಿರುವ ಸಣ್ಣ ಕಿಂಡಿಯಲ್ಲಿ ನೋಡಿ. ವೈರಿನ ಎಳೆಗಳು ಕಾಣಲೇಬೇಕು. ಕಾಣದಿದ್ದರೆ ವೈರ್ ತಳ ಮುಟ್ಟಿಲ್ಲ. ನಾವು ಬೆಳಿಗ್ಗೆ ಕೆಲಸ ಶುರು ಮಾಡುವಾಗ ಟೂಲನ್ನು ಗೇಜಿನಿಂದ ನೋಡಿ, ಒಂದೆರಡು ಮಾದರಿ ಒತ್ತಿ, ಯಂತ್ರಕ್ಕೆ ಹಾಕಿ ಎಳೆದು ಕೀಳುತ್ತಿದ್ದೆವು. 22 ಗೇಜಿನ ವೈರಾದರೆ 12 ಪೌಂಡ್, ಅಂದರೆ ಸುಮಾರು ಐದೂವರೆ ಕೆಜಿ ಎಳೆತ ತಡೆಯಬೇಕು. 24 ಗೇಜಿಗೆ 8 ಪೌಂಡ್. ಕೂದಲಿನಂಥ ಎಳೆಗಳ ಒಂದು ವೈರು ಇಷ್ಟು ಭಾರ ಹಿಡಿಯುವುದನ್ನು ಮೊದಲ ಸಲ ನೋಡಿದಾಗ ನನಗೆ ನಂಬಿಕೆಯೇ ಬಂದಿರಲಿಲ್ಲ.

ಟೂಲ್ ಇರುವವರು ಯಾರಾದರೂ ಸಿಕ್ಕರೆ ಒಂದು ಸಂಜೆ ಬೇಡಿ ತನ್ನಿ. ಪಿನ್ ಹಾಕಲು, ತೆಗೆಯಲು ಬಣ್ಣದ ಪ್ಲಾಸ್ಟಿಕ್ ಕಡ್ಡಿಯೂ ಬೇಕು. 22ಡಿಗೆ ಹಸಿರು-ಬಿಳಿ. ಹಸಿರು ತುದಿ ಹಾಕುವುದಕ್ಕೆ, ಬಿಳಿ ತುದಿ ತೆಗೆಯುವುದಕ್ಕೆ. ಒಳಗೆ ಹೋದಮೇಲೆ ಕಡ್ಡಿಯನ್ನು ತಿರುಚಬೇಡಿ, ತುದಿ ಮುರಿದು ಅಲ್ಲೇ ಉಳಿಯುತ್ತದೆ. ಶೆಲ್ಲಿನ ಮೇಲೆ ನೀಲಿ ಪಟ್ಟಿ ಇದೆಯೇ ನೋಡಿ. ಇದ್ದರೆ ಪಿನ್ನು ಹಿಂದಿನಿಂದ ಬರುತ್ತದೆ ಎಂದರ್ಥ. ಮುಂದಿನಿಂದ ಚುಚ್ಚಿ ಕೀಳಲು ಹೋಗಬೇಡಿ.

ಪ್ರಶ್ನೆ: ಮನೆಯವರು ತಂದಿಟ್ಟ ಹಳೆಯ ಸಾಮಾನಿನಲ್ಲಿ ಮಾಸಲು ಹಸಿರು ಬಣ್ಣದ ಕನೆಕ್ಟರ್‌ಗಳಿವೆ. ಅದು ವಿಷ ಅಂತ ಯಾರೋ ಹೆದರಿಸಿದರು. ನಿಜವೇ? – ಒಬ್ಬ ಗೃಹಿಣಿ

ಹೆದರಬೇಡಿ, ಆದರೆ ಹುಷಾರಾಗಿರಿ. ಆ ಹಸಿರು ಕ್ಯಾಡ್ಮಿಯಮ್ ಮೇಲಿನ ಕ್ರೋಮೇಟ್ ಪದರದ ಬಣ್ಣ. ಕ್ಯಾಡ್ಮಿಯಮ್ ನಿಜಕ್ಕೂ ವಿಷ. ಒಮ್ಮೆ ಮುಟ್ಟಿದ ಮಾತ್ರಕ್ಕೆ ಏನೂ ಆಗುವುದಿಲ್ಲ. ಉಜ್ಜುವುದು, ಅರ ಹಾಕುವುದು, ಕಾಯಿಸುವುದು ಮಾತ್ರ ಬೇಡವೇ ಬೇಡ. ಆ ಪುಡಿ, ಆ ಹೊಗೆ ಶ್ವಾಸಕೋಶಕ್ಕೆ ಹೋಗಬಾರದು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಆಟಕ್ಕೆ ಕೊಡಬೇಡಿ. ಮೈ ಮೇಲೆ ಬಿಳಿ ಪುಡಿ ಬಂದಿದ್ದರೆ ಒಂದು ಚೀಲಕ್ಕೆ ಹಾಕಿ ಕಟ್ಟಿಡಿ.

ಇಷ್ಟು ಕೆಟ್ಟದ್ದನ್ನು ಯಾಕೆ ಹಾಕಿದರು ಎಂದು ಕೇಳಬಹುದು. ಅಲ್ಯೂಮಿನಿಯಮ್ಮಿಗೆ ಉಪ್ಪುಗಾಳಿ ಆಗದು. ಕ್ಯಾಡ್ಮಿಯಮ್ ತಾನು ಸವೆದು ಅಲ್ಯೂಮಿನಿಯಮ್ಮನ್ನು ಉಳಿಸುತ್ತದೆ. ಕರೆಂಟನ್ನೂ ಚೆನ್ನಾಗಿ ಹರಿಸುತ್ತದೆ. ‘ಡಬ್ಲ್ಯು’ ಲೇಪನ ಉಪ್ಪಿನ ಮಂಜಿನಲ್ಲಿ 500 ಗಂಟೆ ತಡೆಯಬೇಕು. ಹೊಳೆಯುವ ನಿಕಲ್ ‘ಎಫ್’ ಲೇಪನಕ್ಕೆ ಬರೀ 48 ಗಂಟೆ. ಹೊಳಪು ನೋಡಿ ‘ಎಫ್’ ಒಳ್ಳೆಯದು ಎಂದು ತಗೊಂಡು ಸಮುದ್ರದ ಕಡೆಗೆ ಕಳಿಸಿದವರನ್ನು ಕಂಡಿದ್ದೇನೆ. ಹಾಗಂತ ‘ಎಫ್’ ಕೀಳಲ್ಲ. ಅದು 200 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ, ‘ಡಬ್ಲ್ಯು’ ತಡೆಯುವುದು 175. ಬಿಸಿಗೆ ಒಂದು, ಉಪ್ಪಿಗೆ ಒಂದು.

ಯುರೋಪಿನ ಆರ್‌ಒಎಚ್‌ಎಸ್ ನಿಯಮ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಕ್ಯಾಡ್ಮಿಯಮ್ಮನ್ನು 0.01 ಶೇಕಡಾಕ್ಕೆ ಕಟ್ಟಿಹಾಕಿದೆ. ಸೈನ್ಯದ ಉಪಕರಣಕ್ಕೆ ಆ ನಿಯಮ ಅನ್ವಯಿಸುವುದಿಲ್ಲ. ಹಾಗಿದ್ದರೂ 38999ರಲ್ಲಿ ಕ್ಯಾಡ್ಮಿಯಮ್ ಇಲ್ಲದ ಲೇಪನಗಳು ಸೇರಿವೆ. ನಿಕಲ್-ಫ್ಲೋರೊಕಾರ್ಬನ್ನಿನ ‘ಟಿ’, ಕಪ್ಪು ಜಿಂಕ್-ನಿಕಲ್ಲಿನ ‘ಝಡ್’. ಕಪ್ಪಗಿರುವುದು ಬಂದಾಗ ನಾವು ಹಳಬರು ‘ಇದೇನು, ಸುಟ್ಟುಹೋಗಿದೆಯಲ್ಲ’ ಎಂದು ನಗುತ್ತಿದ್ದೆವು. ಬೇಗ ಅಭ್ಯಾಸವಾಯಿತು.

ಪ್ರಶ್ನೆ: 13 ತೂತಿನ ಪ್ಲಗ್ಗಿನಲ್ಲಿ ನಮಗೆ ಬೇಕಿರುವುದು 9 ವೈರ್. ಉಳಿದ 4ಕ್ಕೂ ಪಿನ್ ಹಾಕಿ ಮುಚ್ಚಳ ತುರುಕಿ ಎನ್ನುತ್ತಾರೆ. ದಂಡ ಅಲ್ಲವೇ?

ಅಲ್ಲ. ಹಿಂಬದಿಯ ರಬ್ಬರು ವೈರಿನ ಮೈಯನ್ನು ತಬ್ಬಿ ಹಿಡಿದರೆ ಮಾತ್ರ ನೀರು ಒಳಗೆ ಬರದು. ವೈರೇ ಇಲ್ಲದ ತೂತು ತೆರೆದ ಬಾಗಿಲು. ಎತ್ತರಕ್ಕೆ ಹೋದಾಗ ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಇಳಿದಾಗ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಾಲ್ಕು ಪಿನ್ನು, ನಾಲ್ಕು ಮುಚ್ಚಳ ಹಾಕಿ.

ಪ್ರಶ್ನೆ: ನೋಡಲು ಒಂದೇ ಥರ ಇರುವ ಕನೆಕ್ಟರ್ ಕಡಿಮೆ ಬೆಲೆಗೆ ಸಿಗುತ್ತದೆ. ಮಾರುವವರು ‘38999 ಟೈಪ್’ ಎನ್ನುತ್ತಾರೆ. ಅಸಲಿಗೆ ಅಷ್ಟು ಬೆಲೆ ಯಾಕೆ? – ಸಣ್ಣ ಕಾರ್ಖಾನೆಯೊಬ್ಬರು

‘ಟೈಪ್’ ಎಂಬ ಪದ ಕೇಳಿದ ಕೂಡಲೇ ನನ್ನ ಕೈ ಕೆಂಪು ಚೀಟಿಯ ಕಡೆ ಹೋಗುತ್ತದೆ.

ಅಸಲಿ ನಂಬರ್ ಹಾಕಬೇಕೆಂದರೆ ಕಾರ್ಖಾನೆಯವರು ಮಾದರಿಗಳನ್ನು ಪರೀಕ್ಷೆಗೆ ಒಡ್ಡಿ, ವರದಿ ಕೊಟ್ಟು, ಒಪ್ಪಿಗೆ ಪಡೆದು ಪಟ್ಟಿಯಲ್ಲಿ ಸೇರಬೇಕು. 38999ರ ಮೇಲ್ವಿಚಾರಣೆ ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿರುವ ಡಿಎಲ್‌ಎ ಲ್ಯಾಂಡ್ ಅಂಡ್ ಮ್ಯಾರಿಟೈಮ್ ಕಚೇರಿಯದು. 500 ಸಲ ಹಾಕಿ ತೆಗೆಯಬೇಕು. ಮೈನಸ್ 65 ಡಿಗ್ರಿಯ ಚಳಿಯಿಂದ ಮೇಲಿನ ಮಿತಿಯ ಬಿಸಿಯವರೆಗೆ ಓಡಾಡಬೇಕು. ಉಪ್ಪು, ನಡುಕ, ಎಣ್ಣೆಯಲ್ಲಿ ಮುಳುಗಿಸುವುದು, ಎಲ್ಲ ಆಗಬೇಕು. ಒಂದು ಸಲ ಪಾಸಾದರೆ ಮುಗಿಯಲಿಲ್ಲ, ಆಗಾಗ ಮತ್ತೆ ತೋರಿಸುತ್ತಿರಬೇಕು. ಪಿನ್ನಿನ ಮೇಲೆ ಚಿನ್ನ ಕನಿಷ್ಠ 50 ಮೈಕ್ರೊಇಂಚು, ಅಂದರೆ 1.27 ಮೈಕ್ರಾನ್ ದಪ್ಪ ಇರಬೇಕು, ಕೆಳಗೆ ನಿಕಲ್ ಇರಬೇಕು. ಕಡಿಮೆ ಬೆಲೆಯವರು ಮೊದಲು ಕೈ ಹಾಕುವುದು ಈ ಚಿನ್ನಕ್ಕೇ. ಹೊಸದರಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ನೂರಿನ್ನೂರು ಸಲ ಹಾಕಿ ತೆಗೆದಮೇಲೆ ಬಣ್ಣ ಬಯಲಾಗುತ್ತದೆ.

ನಿಮ್ಮ ಯಂತ್ರ ನೆಲದ ಮೇಲೆ, ಸೂರಿನ ಕೆಳಗೆ ನಿಲ್ಲುವಂಥದ್ದಾದರೆ ‘ಟೈಪ್’ ಸಾಕಾಗಲೂಬಹುದು. ಅದರಲ್ಲಿ ನಾಚಿಕೆ ಏನಿಲ್ಲ. ಗಿರಾಕಿಗೆ ಅದನ್ನೇ ಹೇಳಿ ಮಾರಿ. ಡ್ರಾಯಿಂಗಿನಲ್ಲಿ ಡಿ38999 ಎಂದು ಬರೆದು ‘ಟೈಪ್’ ಹಾಕುವುದು ಮಾತ್ರ ಮೋಸ. ಅಸಲಿ ಬೇಕಿದ್ದರೆ ತಯಾರಕರ ಹೆಸರು ಆ ಪಟ್ಟಿಯಲ್ಲಿದೆಯೇ, ನಿಮಗೆ ಬೇಕಾದ ಲೇಪನಕ್ಕೇ ಇದೆಯೇ ನೋಡಿ. ಪಟ್ಟಿ ಎಲ್ಲರಿಗೂ ತೆರೆದಿದೆ. ‘ಎಫ್’ಗೆ ಒಪ್ಪಿಗೆ ಇದ್ದವರು ‘ಕೆ’ ಸ್ಟೇನ್‌ಲೆಸ್ ಸ್ಟೀಲಿಗೂ ಪಡೆದಿದ್ದಾರೆ ಎಂದೇನಿಲ್ಲ.

ಪ್ರಶ್ನೆ: ಮೂರನೇ ಸೀರೀಸ್ ಪ್ಲಗ್ ಪೂರ್ತಿ ಕೂತಿತೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಕೈಗೆ ಬಿಗಿ ಅನ್ನಿಸುತ್ತದೆ, ಆದರೂ ಅನುಮಾನ. – ಅದೇ ಟ್ರೈನಿ, ಎರಡನೇ ಪತ್ರ

ನಿನ್ನ ಕೈಯನ್ನು ನಂಬಬೇಡ. ಹೊಸ ಪ್ಲಗ್ಗಿನ ಹಲ್ಲು ಬಿಗಿಯಾಗಿರುತ್ತದೆ, ಮುಕ್ಕಾಲು ಸುತ್ತಿಗೇ ಆಯಿತು ಅನ್ನಿಸುತ್ತದೆ. ರೆಸೆಪ್ಟಕಲ್ಲಿನ ಮೈಮೇಲೆ ಒಂದು ಕೆಂಪು ಪಟ್ಟಿ ಇದೆ, ಹುಡುಕು. ಪ್ಲಗ್ಗಿನ ಬಳೆ ಅದರ ಮೇಲೆ ಬಂದು ಪೂರ್ತಿ ಮುಚ್ಚಬೇಕು. ಕನ್ನಡಿ ಹಿಡಿದು ಹಿಂಬದಿಯನ್ನೂ ನೋಡು. ಎಲ್ಲಾದರೂ ಒಂದು ಗೆರೆಯಷ್ಟು ಕೆಂಪು ಕಾಣುತ್ತಿದ್ದರೆ ಇನ್ನೂ ಕೂತಿಲ್ಲ, ಇನ್ನಷ್ಟು ತಿರುಗಿಸು.